ಬಳ್ಳಾರಿಯ ರಸ್ತೆ ದುರಸ್ತಿಗೆ ದುಡ್ಡು ಯಾರ ಜೇಬಿನಿಂದ? ಆಯ್ಕೆಗಳ ಒಂದು ಹೋಲಿಕೆ

ಪಾಲಿಕೆಯ ಬಜೆಟ್ ಪೂರ್ವಭಾವಿ ಸಭೆಯಿರಲಿ, ಸಂಡೂರಿನ ಕಡೆಯ ಗ್ರಾಮಸಭೆಯಿರಲಿ, ರಸ್ತೆಯ ಮಾತು ಬಂತೆಂದರೆ ಬಳ್ಳಾರಿ ಜಿಲ್ಲೆಯಲ್ಲಿ ಸಭೆ ಎರಡು ಹೋಳಾಗುತ್ತದೆ. ಒಬ್ಬರು ‘ಓಡಾಡುವವರೇ ಕೊಡಲಿ’ ಎನ್ನುತ್ತಾರೆ. ಇನ್ನೊಬ್ಬರು ‘ಇಷ್ಟು ದಿನ ಕಟ್ಟಿದ್ದು ಎಲ್ಲಿ ಹೋಯಿತು, ಅದನ್ನು ಮೊದಲು ಹೇಳಿ’ ಎಂದು ಎದ್ದು ನಿಲ್ಲುತ್ತಾರೆ. ಗದ್ದಲದಲ್ಲಿ ಒಂದು ಸಂಗತಿ ಮರೆತೇಹೋಗುತ್ತದೆ. ದುರಸ್ತಿಗೆ ಹಣ ತರುವ ದಾರಿಗಳು ಆರೇಳಿವೆ. ಒಂದೊಂದೂ ಬೇರೆ ಜೇಬಿಗೆ ಕೈ ಹಾಕುತ್ತದೆ, ಒಂದೊಂದರ ಹಣವೂ ಬೇರೆ ಖಾತೆಗೆ ಬೀಳುತ್ತದೆ. ಇಂಥ ಸಭೆಯಲ್ಲಿ ಯಾವುದಕ್ಕೆ ಕೈ ಎತ್ತಬೇಕು ಎಂದು ಯೋಚಿಸುವವರಿಗಾಗಿ ಈ ಬರಹ. ನನ್ನ ಒಲವು ಯಾವ ಕಡೆಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಅಳೆಯಲು ಎರಡು ಪ್ರಶ್ನೆಗಳು ಸಾಕು. ರಸ್ತೆಯನ್ನು ಹಾಳು ಮಾಡುವವರೇ ಹಣ ಕೊಡುತ್ತಿದ್ದಾರೆಯೇ? ಕೊಟ್ಟ ಹಣ ದುರಸ್ತಿಗೇ ಬರಬೇಕೆಂಬ ಕಟ್ಟುಪಾಡು ಇದೆಯೇ?

ಈಗಾಗಲೇ ಕಟ್ಟುತ್ತಿರುವುದು ಎಷ್ಟು?

ಕುರುಗೋಡಿನಿಂದ ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಕ್ಕೆ ದಿನವೂ ಬೈಕಿನಲ್ಲಿ ಬರುವ ದರ್ಜಿಯೊಬ್ಬರನ್ನು ತೆಗೆದುಕೊಳ್ಳಿ. ಹೋಗಿ ಬರಲು ಸುಮಾರು ಅರವತ್ತು ಕಿಲೋಮೀಟರ್. ಲೀಟರಿಗೆ ಐವತ್ತು ಕಿಲೋಮೀಟರ್ ಓಡುವ ಬೈಕಿಗೆ ತಿಂಗಳಿಗೆ ಮೂವತ್ತು ಲೀಟರ್ ಪೆಟ್ರೋಲ್ ಬೇಕು, ವರ್ಷಕ್ಕೆ 360 ಲೀಟರ್. ಕರ್ನಾಟಕದಲ್ಲಿ ಪೆಟ್ರೋಲಿನ ಮೇಲಿನ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ 25.92ರಿಂದ ಶೇ 29.84ಕ್ಕೆ ಏರಿತು. 2025ರ ದರದಲ್ಲಿ ಲೆಕ್ಕ ಹಾಕಿದರೆ ಲೀಟರಿಗೆ ರಾಜ್ಯದ ಪಾಲು ಇಪ್ಪತ್ತೆರಡು ಇಪ್ಪತ್ತಮೂರು ರೂಪಾಯಿ, ಕೇಂದ್ರದ ಅಬಕಾರಿ ಸುಂಕ ಇಪ್ಪತ್ತರ ಆಸುಪಾಸು. ಎರಡೂ ಸೇರಿಸಿದರೆ ಆ ದರ್ಜಿ ವರ್ಷಕ್ಕೆ ಸುಮಾರು 15,000 ರೂಪಾಯಿ ತೆರಿಗೆಯನ್ನು ಬಂಕಿನಲ್ಲೇ ಕಟ್ಟಿ ಬರುತ್ತಾರೆ. ಹೊಸದಾಗಿ ‘ಪ್ರಯಾಣಿಕರ ತೆರಿಗೆ’ ಬೇಕು ಎನ್ನುವವರು ಮೊದಲು ಈ ಲೆಕ್ಕಕ್ಕೆ ಉತ್ತರ ಕೊಡಬೇಕು. ಹೆಸರು ಬೇರೆಯಾದರೂ ಆ ತೆರಿಗೆ ಜಾರಿಯಲ್ಲಿದೆ.

ಹಾಗಾದರೆ ಆ ದರ್ಜಿ ಓಡಾಡುವ ದಾರಿಯಲ್ಲಿ ಗುಂಡಿಗಳೇಕೆ? ಕಾರಣ ಎರಡು, ಒಂದು ಖಾತೆಯದು, ಇನ್ನೊಂದು ಭಾರದ್ದು. ರಾಜ್ಯದ ಮಾರಾಟ ತೆರಿಗೆ ನೇರವಾಗಿ ಸಂಚಿತ ನಿಧಿಗೆ ಹೋಗುತ್ತದೆ. ಅಲ್ಲಿಂದ ಅದು ಸಂಬಳವಾಗಬಹುದು, ಪಿಂಚಣಿಯಾಗಬಹುದು, ಗ್ಯಾರಂಟಿಯಾಗಬಹುದು, ರಸ್ತೆಯೂ ಆಗಬಹುದು. ಭಾರದ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಬಳ್ಳಾರಿಯಲ್ಲಿ ಉಳಿದ ವಾದಗಳೆಲ್ಲ ಅದರ ಮೇಲೆ ನಿಂತಿವೆ.

ಭಾರದ ಲೆಕ್ಕ

ಕುಡತಿನಿ ದಾಟಿ ತೋರಣಗಲ್ಲಿನ ಕಡೆ ಪಾಳಿ ಬದಲಾಗುವ ಹೊತ್ತಿಗೆ ಹೋಗಿ ನಿಲ್ಲಿ. ಕಾರ್ಖಾನೆಯ ಬಸ್ಸುಗಳು, ಹೆಲ್ಮೆಟ್ಟಿಗೆ ಟವೆಲ್ ಸುತ್ತಿಕೊಂಡ ಬೈಕ್ ಸವಾರರು, ಹತ್ತು ಜನ ತುಂಬಿದ ಟಂಟಂಗಳು, ನಡುವೆ ತಾಡಪತ್ರಿ ಬಿಗಿದ ಟಿಪ್ಪರುಗಳ ಸಾಲು. ಡಾಂಬರಿನ ಎಡ ಪಟ್ಟಿಯನ್ನು ಗಮನಿಸಿ: ಟಿಪ್ಪರಿನ ಚಕ್ರ ಹಾಯುವ ಎರಡು ಗೆರೆಗಳಲ್ಲಿ ರಸ್ತೆ ಒಳಗೆ ಕುಸಿದಿರುತ್ತದೆ, ಪಕ್ಕಕ್ಕೆ ಒತ್ತರಿಸಿದ ಡಾಂಬರು ಉಬ್ಬಿರುತ್ತದೆ. ಬೈಕಿನವನ ಮುಂದಿನ ಚಕ್ರ ಅದೇ ಉಬ್ಬಿನ ಮೇಲೆ ಜಾರುತ್ತದೆ. ಕುಸಿದ ಗೆರೆಯಲ್ಲಿ ಕೆಂಪು ದೂಳು ತುಂಬಿ, ಮಳೆ ಬಂದಾಗ ಅದೇ ಕೆಸರಾಗುತ್ತದೆ.

ಇದರ ಹಿಂದೆ ಒಂದು ಹಳೆಯ ಪ್ರಯೋಗವಿದೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ಬೇರೆ ಬೇರೆ ತೂಕದ ಲಾರಿಗಳನ್ನು ಪರೀಕ್ಷಾ ರಸ್ತೆಗಳ ಮೇಲೆ ಓಡಿಸಿ ಎಂಜಿನಿಯರುಗಳು ಕಂಡುಕೊಂಡದ್ದೇನೆಂದರೆ, ರಸ್ತೆಗೆ ಆಗುವ ಹಾನಿ ಅಚ್ಚಿನ (ಆಕ್ಸಲ್) ಮೇಲಿನ ಭಾರದ ಸರಿಸುಮಾರು ನಾಲ್ಕನೇ ಘಾತದಂತೆ ಏರುತ್ತದೆ. ಭಾರ ಎರಡರಷ್ಟಾದರೆ ಹಾನಿ ಹದಿನಾರರಷ್ಟು. ಅಚ್ಚಿಗೆ ಅರ್ಧ ಟನ್ ಬೀಳುವ ಸಣ್ಣ ಕಾರನ್ನೂ ಅಚ್ಚಿಗೆ ಹತ್ತು ಟನ್ ಬೀಳುವ ಟಿಪ್ಪರನ್ನೂ ಹೋಲಿಸಿದರೆ ಟಿಪ್ಪರಿನ ಒಂದು ಅಚ್ಚು ಮಾಡುವ ಹಾನಿ ಒಂದೂವರೆ ಲಕ್ಷ ಪಟ್ಟು ಹೆಚ್ಚು. ಬೈಕಿನ ಹಾನಿಯನ್ನು ಲೆಕ್ಕಕ್ಕೆ ಹಿಡಿಯುವುದೇ ಬೇಡ.

2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಕೇಳಲು ಶೇ 13ರಷ್ಟು ಏರಿಕೆ. ನಾಲ್ಕನೇ ಘಾತದಲ್ಲಿ ಅದು ಶೇ 60ಕ್ಕೂ ಹೆಚ್ಚು ಹಾನಿ. ಸಾಗಣೆಯ ವೆಚ್ಚ ಇಳಿಯಿತು, ನಿಜ. ಆದರೆ ಉಳಿತಾಯ ಒಬ್ಬರ ಪಾಲಾಗಿ ದುರಸ್ತಿಯ ಖರ್ಚು ಇನ್ನೊಬ್ಬರ ಕೊರಳಿಗೆ ಬಿತ್ತು. ನಮ್ಮ ಕಡೆಯ ಎರೆ ಭೂಮಿ ಇದಕ್ಕೆ ಇನ್ನಷ್ಟು ಒತ್ತಾಸೆ ಕೊಡುತ್ತದೆ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಮೇಲೆ ಸೀಳು ಬಿಟ್ಟ ಡಾಂಬರಿನೊಳಗೆ ನೀರು ಇಳಿದರೆ ಒಂದೇ ಮಳೆಗಾಲದಲ್ಲಿ ಜಲ್ಲಿ ಸಮೇತ ಎದ್ದುಬರುತ್ತದೆ. ಸಿರುಗುಪ್ಪದ ಕಡೆ ಕಾಲುವೆಯ ಬಸಿ ನೀರೂ ಸೇರಿಕೊಳ್ಳುತ್ತದೆ. ಸೀಳನ್ನು ಸಕಾಲದಲ್ಲಿ ಮುಚ್ಚುವುದಕ್ಕೆ ತಗಲುವುದು ಸಣ್ಣ ಮೊತ್ತ. ಆದರೆ ಗುದ್ದಲಿ ಪೂಜೆ ಇರುವುದು ಹೊಸ ರಸ್ತೆಗೆ, ಸೀಳು ಮುಚ್ಚುವುದಕ್ಕೆ ಯಾರೂ ತೆಂಗಿನಕಾಯಿ ಒಡೆಯುವುದಿಲ್ಲ.

ಆಯ್ಕೆ ಒಂದು: ಗಣಿಯ ಹಣ

ನನ್ನ ಮೊದಲ ಮತ ಇದಕ್ಕೆ. ಹೆಚ್ಚಿನ ಜಿಲ್ಲೆಗಳಿಗೆ ಇಲ್ಲದ ಅನುಕೂಲ ನಮಗಿದೆ: ಹಾನಿ ಮಾಡುವ ಸರಕಿನ ಮೇಲೆಯೇ ಹಣ ವಸೂಲಾಗುತ್ತಿದೆ, ಅದೂ ಎರಡು ಕಡೆ.

ಒಂದು, ಜಿಲ್ಲಾ ಖನಿಜ ಪ್ರತಿಷ್ಠಾನ. 2015ರ ಗಣಿ ಕಾಯ್ದೆ ತಿದ್ದುಪಡಿಯ ನಂತರ ಗಣಿ ಗುತ್ತಿಗೆದಾರರು ರಾಜಧನದ (ತೆಗೆದ ಅದಿರಿಗೆ ಸರ್ಕಾರಕ್ಕೆ ಕೊಡುವ ರಾಯಲ್ಟಿ) ಜೊತೆಗೆ ಇನ್ನೊಂದಿಷ್ಟು ಕಟ್ಟಬೇಕು. ಹಳೆಯ ಗುತ್ತಿಗೆಗಳಿಗೆ ರಾಜಧನದ ಶೇ 30, ಹರಾಜಿನಲ್ಲಿ ಹೋದವಕ್ಕೆ ಶೇ 10. ಈ ಹಣ ಜಿಲ್ಲೆಯಲ್ಲೇ ಉಳಿಯುತ್ತದೆ. ಆದರೆ 2024ರ ಪರಿಷ್ಕೃತ ಮಾರ್ಗಸೂಚಿಯ ಪ್ರಕಾರ ಕನಿಷ್ಠ ಶೇ 70ರಷ್ಟು ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರದಂಥ ಆದ್ಯತೆಗಳಿಗೆ ಹೋಗಬೇಕು; ರಸ್ತೆ, ಸೇತುವೆಗಳಿಗೆ ಉಳಿಯುವುದು ಗರಿಷ್ಠ ಶೇ 30ರೊಳಗೆ. ಇದು ನ್ಯಾಯವೇ. ಅದಿರಿನ ದೂಳು ಕುಡಿದ ಊರಿಗೆ ಮೊದಲು ಬೇಕಾದದ್ದು ಶುದ್ಧ ನೀರು ಮತ್ತು ಆಸ್ಪತ್ರೆ. ಹಾಗಾಗಿ ಈ ನಿಧಿಯೊಂದರಿಂದಲೇ ರಸ್ತೆಗಳೆಲ್ಲ ಸರಿಹೋಗುತ್ತವೆ ಎಂಬ ಭರವಸೆಯನ್ನು ಯಾರಾದರೂ ಕೊಟ್ಟರೆ ನಂಬಬೇಡಿ.

ಎರಡು, ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮದ ನಿಧಿ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ್ದು, 2013ರ ಏಪ್ರಿಲ್‌ನಲ್ಲಿ ಷರತ್ತುಗಳೊಂದಿಗೆ ಮತ್ತೆ ಬಿಟ್ಟದ್ದು ಎಲ್ಲರಿಗೂ ನೆನಪಿದೆ. ಅದಿರಿನ ಮಾರಾಟದಿಂದ ಮುರಿದುಕೊಂಡು ಕೂಡಿಟ್ಟ ಸಾವಿರಾರು ಕೋಟಿ ರೂಪಾಯಿಗಳು ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಪ್ರದೇಶಗಳಿಗೆ ಮೀಸಲು. ರಸ್ತೆಯೂ ರೈಲ್ವೆಯೂ ಅದರ ಯೋಜನೆಯೊಳಗಿವೆ. ಇಲ್ಲಿ ಸಭೆಗಳಲ್ಲಿ ಕೇಳಬೇಕಾದ ಬೇಡಿಕೆ ಬೇರೆ: ಹೊಸ ಡಾಂಬರಿನ ಉದ್ದದ ಜೊತೆಗೆ, ಆ ರಸ್ತೆಯನ್ನು ಹತ್ತು ವರ್ಷ ನೋಡಿಕೊಳ್ಳುವ ಖರ್ಚನ್ನೂ ಅದೇ ಯೋಜನೆಯಲ್ಲಿ ಸೇರಿಸಿ ಎಂದು. ಅದಿರನ್ನು ರಸ್ತೆಯಿಂದ ಇಳಿಸಿ ಕನ್ವೇಯರಿಗೋ ರೈಲಿಗೋ ಏರಿಸುವ ಪ್ರತಿಯೊಂದು ಕೆಲಸವೂ ದುರಸ್ತಿಯ ಕೆಲಸವೇ.

ಕೊರತೆ ಏನು? ಗಣಿ ನಿಂತರೆ ಹಣ ನಿಲ್ಲುತ್ತದೆ. ಗಣಿಯ ಪ್ರಭಾವವಿಲ್ಲದ ಊರುಗಳಿಗೆ ಇದರ ಮೇಲೆ ಹಕ್ಕು ಸಾಧಿಸುವುದು ಕಷ್ಟ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖನಿಜ ಹಕ್ಕುಗಳ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದದ್ದರಿಂದ ಇನ್ನೊಂದು ಬಾಗಿಲು ತೆರೆದಿದೆ. ಆದರೆ ಆ ಹಣ ಬೆಂಗಳೂರಿನ ಖಜಾನೆಗೆ ಹೋಗಿ ಅಲ್ಲೇ ಕರಗಿದರೆ ಬಳ್ಳಾರಿಗೆ ಲಾಭವಿಲ್ಲ.

ಆಯ್ಕೆ ಎರಡು: ಹೆಚ್ಚುವರಿ ಭಾರಕ್ಕೆ ದಂಡ

ಹೊಸ ಕಾನೂನೇನೂ ಬೇಕಾಗಿಲ್ಲ. ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ 2019ರ ತಿದ್ದುಪಡಿಯ ನಂತರ ಹೀಗಿದೆ: ಮಿತಿಮೀರಿದ ಭಾರಕ್ಕೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ, ಜೊತೆಗೆ ಹೆಚ್ಚುವರಿ ಸರಕನ್ನು ಅಲ್ಲೇ ಇಳಿಸಬೇಕು. ಇಳಿಸುವುದೇ ಇದರ ಜೀವಾಳ. ದಂಡ ಕಟ್ಟಿಸಿಕೊಂಡು ಅದೇ ಭಾರದೊಂದಿಗೆ ಮುಂದಕ್ಕೆ ಬಿಟ್ಟರೆ ಹಾನಿ ಮಾಡಲು ಚೀಟಿ ಬರೆದುಕೊಟ್ಟಂತೆ. ಇದರಿಂದ ದೊಡ್ಡ ಆದಾಯ ನಿರೀಕ್ಷಿಸಬಾರದು. ಚೆನ್ನಾಗಿ ಜಾರಿಯಾದರೆ ದಂಡದ ಮೊತ್ತ ವರ್ಷದಿಂದ ವರ್ಷಕ್ಕೆ ಇಳಿಯಬೇಕು. ಉಳಿಯುವುದು ರಸ್ತೆ. ವೇ ಬ್ರಿಡ್ಜಿನ ತೂಕದ ಚೀಟಿ ಗಣಿಯ ಬಾಗಿಲಲ್ಲೂ ಕಾರ್ಖಾನೆಯ ಬಾಗಿಲಲ್ಲೂ ಇದ್ದೇ ಇರುತ್ತದೆ. ಅವೆರಡನ್ನೂ ಸಾರಿಗೆ ಇಲಾಖೆ ನೋಡುವಂತಾದರೆ ರಸ್ತೆಯ ಮೇಲೆ ಕೈ ಅಡ್ಡ ಹಿಡಿದು ನಿಲ್ಲುವ ಅಗತ್ಯ ಬಹಳಷ್ಟು ತಪ್ಪುತ್ತದೆ. ಕೈ ಅಡ್ಡ ಹಿಡಿದಾಗ ಏನೇನು ಕೈ ಬದಲಾಗುತ್ತದೆ ಎಂಬುದನ್ನು ಓದುಗರ ಊಹೆಗೆ ಬಿಡುತ್ತೇನೆ.

ಆಯ್ಕೆ ಮೂರು: ಇಂಧನದ ಮೇಲಿನ ತೆರಿಗೆ

ವಸೂಲಿ ಇದರಷ್ಟು ಸುಲಭ ಬೇರೆಯದಿಲ್ಲ. ಹೆಚ್ಚು ಓಡುವವರು ಹೆಚ್ಚು ಕೊಡುತ್ತಾರೆ ಎಂಬ ತರ್ಕವೂ ಸರಿ. ಈ ವಿಚಾರ ಹೊಸದೂ ಅಲ್ಲ. 1927ರಲ್ಲಿ ನೇಮಕವಾದ ಜಯಕರ್ ಸಮಿತಿ ಪೆಟ್ರೋಲ್ ತೆರಿಗೆಯಿಂದ ರಸ್ತೆ ನಿಧಿ ಮಾಡಿ ಎಂದಿತು, 1929ರಲ್ಲಿ ನಿಧಿ ಬಂತು. 2000ದಲ್ಲಿ ಅದಕ್ಕೆ ಕೇಂದ್ರ ರಸ್ತೆ ನಿಧಿ ಕಾಯ್ದೆಯಾಯಿತು. 2018ರಲ್ಲಿ ಅದರ ಹೆಸರಿಗೆ ‘ಮೂಲಸೌಕರ್ಯ’ವೂ ಸೇರಿತು, ಅಂದರೆ ರಸ್ತೆಯ ಹಣಕ್ಕೆ ಬೇರೆ ಪಾಲುದಾರರು ಬಂದರು. ಈ ನಿಧಿಗೆ ಬರುವುದು ಸೆಸ್, ಅಂದರೆ ನಿಗದಿತ ಉದ್ದೇಶಕ್ಕೆಂದು ಹಾಕುವ ತೆರಿಗೆ; ಹಾಗಾಗಿ ಇದು ರಾಜ್ಯಗಳಿಗೆ ಹಂಚುವ ತೆರಿಗೆಯ ರಾಶಿಗೂ ಸೇರುವುದಿಲ್ಲ.

ಭಾರದ ಲೆಕ್ಕಕ್ಕೆ ಮಾತ್ರ ಇದು ಸೋಲುತ್ತದೆ. ತುಂಬಿದ ಟಿಪ್ಪರ್ ಲೀಟರಿಗೆ ಮೂರು ನಾಲ್ಕು ಕಿಲೋಮೀಟರ್ ಓಡುತ್ತದೆ, ಬೈಕ್ ಐವತ್ತು. ಅಂದರೆ ಪ್ರತಿ ಕಿಲೋಮೀಟರಿಗೆ ಟಿಪ್ಪರ್ ಕೊಡುವ ತೆರಿಗೆ ಬೈಕಿನದಕ್ಕಿಂತ ಹತ್ತು ಹನ್ನೆರಡು ಪಟ್ಟು. ಹಾನಿ ಎಷ್ಟು ಪಟ್ಟು ಎಂಬುದನ್ನು ಮೇಲೆ ನೋಡಿದೆವು. ಡೀಸೆಲ್ ತೆರಿಗೆ 2024ರಲ್ಲಿ ಶೇ 18.4ಕ್ಕೆ, 2025ರ ಏಪ್ರಿಲ್ 1ರಿಂದ ಶೇ 21.17ಕ್ಕೆ ಏರಿದಾಗ ಲಾರಿ ಮಾಲೀಕರು ಮುಷ್ಕರಕ್ಕಿಳಿದರು. ಆದರೂ ಪಕ್ಕದ ಆಂಧ್ರಕ್ಕಿಂತ ನಮ್ಮಲ್ಲೇ ಅಗ್ಗವಾದ್ದರಿಂದ ಗಡಿಯ ಬಂಕುಗಳಲ್ಲಿ ಆಂಧ್ರದ ನೋಂದಣಿಯ ಲಾರಿಗಳು ಸಾಲುಗಟ್ಟುತ್ತವೆ. ದರ ಅಲ್ಲಿಯ ಮಟ್ಟಕ್ಕೆ ಏರಿದ ದಿನ ಆ ಸಾಲೂ ಅದರ ತೆರಿಗೆಯೂ ಇಲ್ಲವಾಗುತ್ತವೆ. ದರ ಇನ್ನೂ ಏರಿಸಿ ಎಂಬುದಕ್ಕೆ ನನ್ನ ಬೆಂಬಲವಿಲ್ಲ. ಇರುವುದರಲ್ಲಿ ಲೀಟರಿಗೆ ಒಂದು ರೂಪಾಯಿಯನ್ನಾದರೂ ಜಿಲ್ಲಾವಾರು ದುರಸ್ತಿ ಖಾತೆಗೆ ಕಟ್ಟಿಹಾಕಿ ಎಂಬ ಬೇಡಿಕೆಗೆ ಎರಡೂ ಕೈ ಎತ್ತುತ್ತೇನೆ. ವಿದ್ಯುತ್ ವಾಹನಗಳು ಹೆಚ್ಚಿದಂತೆ ಈ ಮೂಲ ಬತ್ತುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಆಯ್ಕೆ ನಾಲ್ಕು: ಟೋಲ್

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಇದ್ದರೂ ಈಗ ಟೋಲ್ ಕಟ್ಟೆಯಲ್ಲಿ ಹೇಳಿಕೊಳ್ಳಲು ಮನುಷ್ಯರೇ ಇಲ್ಲ, ಫಾಸ್ಟ್ಯಾಗ್ ಸದ್ದಿಲ್ಲದೆ ಮುರಿದುಕೊಳ್ಳುತ್ತದೆ. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳಲ್ಲಿ ನಾಲ್ಕು ಪಥದ ರಸ್ತೆಗೆ ನಿಗದಿಯಾದ ಮೂಲದರವನ್ನು ನೋಡಿ: ಕಾರಿಗೆ ಕಿಲೋಮೀಟರಿಗೆ 65 ಪೈಸೆ, ಬಸ್ಸು ಲಾರಿಗೆ 2.20 ರೂಪಾಯಿ, ಅತಿ ಭಾರದ ಬಹು ಅಚ್ಚಿನ ವಾಹನಕ್ಕೆ 3.45 ರೂಪಾಯಿ. ಕಾರಿಗಿಂತ ಐದು ಪಟ್ಟು ಮಾತ್ರ. ಐವತ್ತು ಜನರನ್ನು ಹೊತ್ತ ಸಾರಿಗೆ ಬಸ್ಸೂ ಲಾರಿಯೂ ಒಂದೇ ದರದಲ್ಲಿರುವುದು ಇನ್ನೊಂದು ವಿಚಿತ್ರ. ಬೈಕುಗಳಿಗೆ ವಿನಾಯಿತಿ ಇದೆ. 2025ರ ಆಗಸ್ಟ್ 15ರಂದು 3,000 ರೂಪಾಯಿ ದರದಲ್ಲಿ ಶುರುವಾದ ವಾರ್ಷಿಕ ಪಾಸು 200 ಬಾರಿ ದಾಟಲು ಅಥವಾ ಒಂದು ವರ್ಷಕ್ಕೆ, ಖಾಸಗಿ ಕಾರುಗಳಿಗಷ್ಟೇ. ದಿನವೂ ಟೋಲ್ ದಾಟಿ ಹೋಗಿ ಬರುವವರಿಗೆ ಆ 200 ನಾಲ್ಕು ತಿಂಗಳಲ್ಲೇ ಮುಗಿಯುತ್ತದೆ. 20 ಕಿಲೋಮೀಟರಿನೊಳಗೆ ವಾಸವಿರುವವರಿಗೆ ಸ್ಥಳೀಯ ಮಾಸಿಕ ಪಾಸೇ ಲೇಸು.

ಟೋಲಿನ ಪರವಾಗಿ ಹೇಳಬಹುದಾದ ದೊಡ್ಡ ಮಾತೆಂದರೆ ಜವಾಬ್ದಾರಿ ಯಾರದೆಂದು ಗೊತ್ತಿರುತ್ತದೆ. ಕೇರಳದ ಪಾಲಿಯೆಕ್ಕರದಲ್ಲಿ ರಸ್ತೆ ಹದಗೆಟ್ಟಿದೆ ಎಂದು ಹೈಕೋರ್ಟ್ 2025ರ ಆಗಸ್ಟ್‌ನಲ್ಲಿ ಟೋಲ್ ವಸೂಲಿಯನ್ನು ತಡೆಹಿಡಿಯಿತು, ಸುಪ್ರೀಂ ಕೋರ್ಟ್ ಅದರಲ್ಲಿ ಕೈ ಹಾಕಲು ಒಪ್ಪಲಿಲ್ಲ. ಹೊಸಪೇಟೆ–ಬಳ್ಳಾರಿ ಹೆದ್ದಾರಿಯ ಚತುಷ್ಪಥ ಕಾಮಗಾರಿ ವರ್ಷಗಟ್ಟಲೆ ಕುಂಟಿದ್ದನ್ನು ಕಂಡವರಿಗೆ ಆ ತೀರ್ಮಾನ ರುಚಿಸದೇ ಇರದು. ನನ್ನ ನಿಲುವು: ಪೂರ್ಣಗೊಂಡ ಹೆದ್ದಾರಿಗೆ ಟೋಲ್ ಇರಲಿ, ಸಿರುಗುಪ್ಪ, ಕಂಪ್ಲಿ, ಸಂಡೂರಿನ ಒಳರಸ್ತೆಗಳಿಗೆ ಬೇಡ. ಅಲ್ಲಿ ಟೋಲ್ ಹಾಕಿದರೆ ಲಾರಿಗಳು ಹಳ್ಳಿಯ ರಸ್ತೆ ಹಿಡಿಯುತ್ತವೆ, ಒಂದು ರಸ್ತೆ ಉಳಿಸಲು ಹೋಗಿ ಮೂರು ಕಳೆದುಕೊಳ್ಳುತ್ತೇವೆ.

ಆಯ್ಕೆ ಐದು: ವಾಹನ ತೆರಿಗೆ, ಆಸ್ತಿ ತೆರಿಗೆ

ಎರಡನ್ನೂ ಬೇಗ ಮುಗಿಸೋಣ. ಕಾರಿನ ಜೀವಾವಧಿ ತೆರಿಗೆಯಲ್ಲಿ ಕರ್ನಾಟಕ ದೇಶದಲ್ಲೇ ಮೇಲಿನ ಸಾಲಿನಲ್ಲಿದೆ. ಮನೆಯಲ್ಲಿ ನಿಂತ ಕಾರಿಗೂ ದಿನವೂ ಓಡುವ ಕಾರಿಗೂ ಒಂದೇ ತೆರಿಗೆ. ಇನ್ನೂ ಏರಿಸಿದರೆ ತೆರಿಗೆ ಕಡಿಮೆಯಿರುವ ಪುದುಚೇರಿಯ ನೋಂದಣಿ ಫಲಕಗಳು ಹೆಚ್ಚುತ್ತವೆ, ಅಷ್ಟೇ.

ಆಸ್ತಿ ತೆರಿಗೆ ನಗರದ ಒಳರಸ್ತೆಗಳಿಗೆ ಸರಿಯಾದ ಮೂಲ. ಕೌಲ್ ಬಜಾರಿನ ಗಲ್ಲಿಗೆ ಗಣಿ ನಿಧಿ ಬರಲಿ ಎಂದು ಕಾಯುವುದಕ್ಕಿಂತ ಪಾಲಿಕೆ ತನ್ನ ಬಾಕಿ ವಸೂಲಿ ಮಾಡಿಕೊಳ್ಳುವುದು ಮೇಲು. ತೆರಿಗೆಯ ರಸೀದಿಯಲ್ಲಿ ಗ್ರಂಥಾಲಯಕ್ಕೆ, ಭಿಕ್ಷುಕರ ಪುನರ್ವಸತಿಗೆ ಸೆಸ್ ಇರುವಾಗ ಮನೆಯ ಮುಂದಿನ ರಸ್ತೆಗೆ ಒಂದು ಸಾಲು ಇದ್ದರೆ ಕಟ್ಟುವವರಿಗೆ ಬೇಸರವಾಗದು. ಒಂದೇ ಷರತ್ತು: ಒಳಚರಂಡಿಗೆಂದು ಅಗೆದವರೇ, ಕೇಬಲ್ ಹಾಕಿದವರೇ ಮುಚ್ಚುವ ಖರ್ಚನ್ನು ಮುಂಗಡ ಕಟ್ಟಬೇಕು.

ಆಯ್ಕೆ ಆರು: ದಿನಪ್ರಯಾಣಿಕರ ತೆರಿಗೆ

ಹೊರಗಿನಿಂದ ಬಂದು ದುಡಿದು ಸಂಜೆ ಮರಳುವವರು ನಗರದ ರಸ್ತೆ ಬಳಸುತ್ತಾರೆ, ಆಸ್ತಿ ತೆರಿಗೆಯನ್ನು ಮಾತ್ರ ತಮ್ಮೂರಿನಲ್ಲಿ ಕಟ್ಟುತ್ತಾರೆ. ವಾದ ಕೇಳಲು ಗಟ್ಟಿಯಾಗಿದೆ. ನ್ಯೂಯಾರ್ಕ್ ನಗರ 1966ರಿಂದ 1999ರವರೆಗೆ ಹೊರ ಊರುಗಳ ಉದ್ಯೋಗಿಗಳ ಸಂಬಳದ ಶೇ 0.45ರಷ್ಟನ್ನು ಪಡೆಯುತ್ತಿತ್ತು, ರಾಜ್ಯದ ಶಾಸನಸಭೆ ಅದನ್ನು ತೆಗೆದುಹಾಕಿದ ನಂತರವೂ ಅಲ್ಲಿ ಚರ್ಚೆ ನಿಂತಿಲ್ಲ. ಲಂಡನ್ 2003ರಲ್ಲಿ ನಗರಕೇಂದ್ರಕ್ಕೆ ಬರುವ ವಾಹನಗಳಿಗೆ ದಟ್ಟಣೆ ಶುಲ್ಕ ಹಾಕಿತು. ಪ್ಯಾರಿಸ್ ಪ್ರದೇಶದಲ್ಲಿ 1971ರಿಂದ ಸಾರಿಗೆಯ ಹೆಸರಿನ ತೆರಿಗೆಯನ್ನು ಕಟ್ಟುವವರು ಉದ್ಯೋಗದಾತರು, ಉದ್ಯೋಗಿಗಳಲ್ಲ.

ಬಳ್ಳಾರಿಗೆ ಇವುಗಳಲ್ಲಿ ಯಾವುದು ಒಗ್ಗುತ್ತದೆ? ಲಂಡನ್ನಿನದು ಒಗ್ಗದು. ಅಲ್ಲಿ ಕಾರು ಬಿಟ್ಟರೆ ನೆಲದಡಿಯ ರೈಲಿದೆ. ಇಲ್ಲಿ ಬೈಕ್ ಬಿಟ್ಟರೆ ಮುಂದಿನ ಬಸ್ಸಿಗೆ ಕಾಯಬೇಕು, ಅದೂ ಪುರುಷರಿಗೆ 2025ರ ಜನವರಿಯಲ್ಲಿ ಶೇ 15ರಷ್ಟು ಏರಿದ ದರದಲ್ಲಿ. ರಾಯಲ್ ವೃತ್ತದಲ್ಲಿ ಶುಲ್ಕದ ಕ್ಯಾಮೆರಾ ಹಾಕಿದರೆ ಸಿಕ್ಕಿಬೀಳುವವರು ಆಸ್ಪತ್ರೆಗೆ, ಕೋರ್ಟಿಗೆ, ಎಪಿಎಂಸಿಗೆ ಬಂದವರು. ನ್ಯೂಯಾರ್ಕಿನ ಮಾದರಿಗೆ ಹತ್ತಿರದ್ದು ನಮ್ಮಲ್ಲಿ ವೃತ್ತಿ ತೆರಿಗೆ. ಅದಕ್ಕೆ ಸಂವಿಧಾನದ 276ನೇ ವಿಧಿ 1988ರ ತಿದ್ದುಪಡಿಯ ನಂತರ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. ಕರ್ನಾಟಕ ತಿಂಗಳಿಗೆ 200 ರೂಪಾಯಿಯಂತೆ ಪಡೆಯುತ್ತಿದ್ದುದನ್ನು 2025ರಿಂದ ಫೆಬ್ರವರಿಯಲ್ಲಿ 300 ಮಾಡಿ ಆ ಮಿತಿಯನ್ನೂ ಮುಟ್ಟಿದೆ. ಇನ್ನು ಏರಿಸಲು ಸಂವಿಧಾನ ತಿದ್ದಬೇಕು. 25,000 ರೂಪಾಯಿಗಿಂತ ಕಡಿಮೆ ಸಂಬಳದವರಿಗೆ ಅದು ಅನ್ವಯಿಸುವುದೂ ಇಲ್ಲ. ನಮ್ಮ ಕುರುಗೋಡಿನ ದರ್ಜಿಯಂಥವರಲ್ಲಿ ಹೆಚ್ಚಿನವರು ಅದರಾಚೆಗೆ ಉಳಿಯುತ್ತಾರೆ, ಉಳಿಯಬೇಕಾದದ್ದೂ ಹಾಗೆಯೇ.

ಆದರೆ ಇಲ್ಲೊಂದು ಒಳದಾರಿ ಇದೆ. ತಮಿಳುನಾಡು, ಕೇರಳಗಳಲ್ಲಿ ವೃತ್ತಿ ತೆರಿಗೆಯನ್ನು ಪಡೆಯುವುದು ಸ್ಥಳೀಯ ಸಂಸ್ಥೆಗಳು. ಕರ್ನಾಟಕದಲ್ಲಿ ರಾಜ್ಯ ಸರ್ಕಾರ. ದುಡಿಯುವ ಊರಿನ ಪಾಲಿಕೆಗೋ ಪಂಚಾಯಿತಿಗೋ ಇದರ ಒಂದು ಪಾಲು ಬಂದರೆ, ಯಾರ ಮೇಲೂ ಹೊಸ ಹೊರೆಯಿಲ್ಲದೆ ದಿನಪ್ರಯಾಣಿಕರ ಹಣ ಅವರು ಓಡಾಡುವ ರಸ್ತೆಗೇ ಸೇರುತ್ತದೆ. ಪ್ರಯಾಣಿಕರ ತೆರಿಗೆಯ ಪರ ಇರುವವರೂ ವಿರುದ್ಧ ಇರುವವರೂ ಒಟ್ಟಿಗೆ ಕೇಳಬಹುದಾದ ಬೇಡಿಕೆ ಇದೊಂದೇ ಎಂದು ನನಗನಿಸುತ್ತದೆ.

ಯಾರು ಯಾವುದನ್ನು ಮೊದಲು ಕೇಳಬೇಕು?

ಸಂಡೂರು, ತೋರಣಗಲ್ಲು, ಕುಡತಿನಿಯ ಕಡೆಯವರು ಗಣಿ ನಿಧಿಯನ್ನೂ ಭಾರದ ದಂಡವನ್ನೂ ಬಿಡಬಾರದು, ಬೇರೆ ಯಾವ ತೆರಿಗೆಗೂ ಒಪ್ಪಬೇಕಾಗಿಲ್ಲ. ನಗರದವರಿಗೆ ಆಸ್ತಿ ತೆರಿಗೆಯ ರಸ್ತೆ ಸೆಸ್ಸು ಮತ್ತು ವೃತ್ತಿ ತೆರಿಗೆಯ ಪಾಲು. ಸಿರುಗುಪ್ಪ, ಕಂಪ್ಲಿಯ ಭತ್ತದ ಸೀಮೆಯಲ್ಲಿ ಸುಗ್ಗಿಯ ಹೊತ್ತಿನ ಲಾರಿಗಳ ಭಾರವೂ ಕಡಿಮೆಯಲ್ಲ, ಆದರೆ ಗಣಿ ನಿಧಿಯ ಆಸರೆಯಿಲ್ಲ. ಅಲ್ಲಿ ಇಂಧನ ತೆರಿಗೆಯಿಂದ ಕಟ್ಟಿಹಾಕಿದ ಪಾಲು ಮತ್ತು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವೇ ಗತಿ. ಮಂಡಳಿಯ ಹಣ ಹೊಸ ಕಾಮಗಾರಿಗೆ ಹರಿದಷ್ಟು ಸಲೀಸಾಗಿ ದುರಸ್ತಿಗೆ ಹರಿಯುವಂತೆ ಶಾಸಕರನ್ನು ಹಿಡಿದು ಕೇಳಬೇಕು.

ಸಭೆಗೆ ಹೋಗುವ ಮುನ್ನ ನಿಮ್ಮ ರಸ್ತೆ ಯಾರದ್ದೆಂದು ತಿಳಿದುಕೊಳ್ಳಿ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು, ಹಳ್ಳಿ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆಯದು, ವಾರ್ಡಿನದು ಪಾಲಿಕೆಯದು. ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಗುತ್ತಿಗೆಯಲ್ಲೇ ಐದು ವರ್ಷದ ನಿರ್ವಹಣೆ ಸೇರಿರುತ್ತದೆ, ಮುಗಿಯುವ ದಿನಾಂಕ ರಸ್ತೆಯ ತುದಿಯ ಫಲಕದಲ್ಲಿರುತ್ತದೆ. ಆ ದಿನಾಂಕ ಇನ್ನೂ ಮುಂದಿದ್ದರೆ ತೆರಿಗೆಯ ಚರ್ಚೆ ಅಲ್ಲಿಗೆ ಬೇಡ. ಫಲಕದ ಫೋಟೊ ತೆಗೆದುಕೊಂಡು ಕಾರ್ಯಪಾಲಕ ಎಂಜಿನಿಯರರ ಕಚೇರಿಗೆ ಹೋಗಿ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆದು ಬನ್ನಿ.